ಪದ ಪರಿಚಯ: ಜಗಲಿ

ಮುಂಬಾಗಿಲ ಅಕ್ಕಪಕ್ಕದಲ್ಲಿ, ಮಾಡಿನ ಕೆಳಗೆ, ನೆಲದಿಂದ ಎತ್ತರಿಸಿ ಕಟ್ಟಿದ ಕೂರುವ ಜಾಗವೇ ಜಗಲಿ. ಬಯಲುಸೀಮೆಯ ಹಳೆಯ ಮನೆಗಳಲ್ಲಿ ಅದು ಬೀದಿಗೆ ಮುಖ ಮಾಡಿದ, ಕಲ್ಲುಚಪ್ಪಡಿ ಹಾಸಿದ ಕಿರಿದಾದ ಕಟ್ಟೆ. ಮಲೆನಾಡಿನಲ್ಲಿ ಅದೇ ಹೆಸರಿನ ಜಾಗ ತುಂಬಾ ದೊಡ್ಡದು. ಅಲ್ಲಿ ಮಳೆಗಾಲದಲ್ಲಿ ಅಂಗಳಕ್ಕೆ ಇಳಿಯುವುದೇ ಕಷ್ಟ. ಹಾಗಾಗಿ ನೆಂಟರು ಕೂರುವುದು, ಮಕ್ಕಳು ಓದುವುದು ಎಲ್ಲ ಜಗಲಿಯಲ್ಲೇ. ಸುಗ್ಗಿಯಲ್ಲಿ ರಾತ್ರಿ ಅಡಿಕೆ ಸುಲಿಯಲು ಕೂರುವವರಿಗೂ ಅದೇ ಜಾಗ.

ಮನೆ ಕಟ್ಟುವವರ ಮೌಲ್ಯಗಳು ಮನೆಯಲ್ಲಿ ಎಲ್ಲಿ ಕಾಣುತ್ತವೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಜಗಲಿಯನ್ನೇ ತೋರಿಸುತ್ತೇನೆ. ಅಡುಗೆಮನೆ, ಬಚ್ಚಲು ಇಲ್ಲದೆ ಯಾರಿಗೂ ಆಗುವುದಿಲ್ಲ. ಬೀದಿ ಕಡೆಯ ಜಗಲಿ ಇಲ್ಲದಿದ್ದರೂ ಸಂಸಾರ ನಡೆಯುತ್ತದೆ. ಆದರೂ ಅದಕ್ಕೆ ಕಲ್ಲು, ಕೂಲಿ, ಜಾಗ ಖರ್ಚು ಮಾಡಿದ್ದಾರೆ ಅಂದರೆ, ದಾರಿಹೋಕರು ಬಿಸಿಲಿಗೆ ಬಳಲಿ ಬಂದಾಗ ಒಂದು ಗಳಿಗೆ ಕೂರಲಿ, ರಾತ್ರಿಯಾದರೆ ಮಲಗಲಿ ಎಂಬ ಯೋಚನೆ ಅವರಿಗಿತ್ತು. ಬಾಗಿಲು ತಟ್ಟಿ ಅನುಮತಿ ಕೇಳಬೇಕಿರಲಿಲ್ಲ. ನನಗೆ ಇದು ಬಹಳ ದೊಡ್ಡ ಮಾತು ಅನ್ನಿಸುತ್ತದೆ.

ಹಾಗಂತ ಎಲ್ಲರಿಗೂ ಆ ಜಗಲಿ ಸಿಗುತ್ತಿರಲಿಲ್ಲ. ಎಷ್ಟೋ ಮನೆಗಳಲ್ಲಿ ದಲಿತರನ್ನು ಅಂಗಳದಲ್ಲೇ ನಿಲ್ಲಿಸುತ್ತಿದ್ದರು. ಇನ್ನು ಕೆಲವು ಜಾತಿಯವರು ಜಗಲಿವರೆಗೆ ಬರಬಹುದು, ಹೊಸ್ತಿಲು ದಾಟುವಂತಿಲ್ಲ. ಹೆಂಗಸರೂ ಅಲ್ಲಿ ಆರಾಮಾಗಿ ಕೂರುವುದು ಕಡಿಮೆ. ಅವರ ಮಾತುಕತೆ ಹಿತ್ತಲ ಬಾಗಿಲಲ್ಲಿ. ಅಂಗಳ, ಜಗಲಿ, ನಡುಮನೆ, ದೇವರ ಮನೆ ಎಂದು ಒಳಗೆ ಹೋದಂತೆ ಯಾರು ಎಲ್ಲಿಯವರೆಗೆ ಬರಬಹುದು ಎಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು. ಒಂದೇ ಕಟ್ಟೆಯಲ್ಲಿ ಆದರವೂ ಇತ್ತು, ಅವಮಾನವೂ ಇತ್ತು. ಹಳೆಯ ಮನೆಗಳನ್ನು ಹೊಗಳುವವರು ಇದನ್ನು ಬಿಟ್ಟು ಮಾತಾಡಬಾರದು.

ಈಗಿನ ಮನೆಗಳಲ್ಲೂ ಇಂಥ ತೀರ್ಮಾನಗಳು ಇದ್ದೇ ಇವೆ. ಬೆಂಗಳೂರಿನ 30×40 ಸೈಟಿನಲ್ಲಿ, ಅಂದರೆ 1,200 ಚದರ ಅಡಿಯಲ್ಲಿ, ಮುಂದಿನ ಜಾಗ ಸಾಮಾನ್ಯವಾಗಿ ಕಾರಿಗೆ ಹೋಗುತ್ತದೆ. ಹಾಲ್‌ನಲ್ಲಿ ಸೋಫಾ ಟಿವಿ ಕಡೆಗೆ ತಿರುಗಿರುತ್ತದೆ, ಎದುರು ಕೂತವರ ಕಡೆಗಲ್ಲ. ಕೆಲವರು ಶೋಕೇಸಿಗೆ ದುಡ್ಡು ಹಾಕುತ್ತಾರೆ, ಕೆಲವರು ಪುಸ್ತಕದ ಕಪಾಟಿಗೆ. ಮನೆಕೆಲಸಕ್ಕೆ ಬರುವ ಅಕ್ಕನಿಗೆ ಕೂರಲು ಕುರ್ಚಿ ಕೊಡುತ್ತೇವಾ, ಅವರ ಲೋಟವನ್ನು ಬೇರೆ ಇಡುತ್ತೇವಾ? ಅದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಮೌಲ್ಯ ಅಂದರೆ ಸುಮ್ನೆ ಬಾಯಿಮಾತಲ್ಲ. ಜಾಗ ಮತ್ತು ದುಡ್ಡು ಎರಡೂ ಕಮ್ಮಿ ಇರುವಾಗ ನಾವು ಮೊದಲು ಯಾವುದನ್ನು ಉಳಿಸಿಕೊಳ್ಳುತ್ತೇವೋ ಅದು.

ನನ್ನ ಆಸೆ ಏನೆಂದರೆ, ಹೊಸ ಮನೆ ಕಟ್ಟಿಸುವವರು ಜಗಲಿಯನ್ನು ಮತ್ತೆ ಯೋಚಿಸಲಿ. ಈ ಸಲ ಯಾರನ್ನೂ ಅಂಗಳದಲ್ಲಿ ನಿಲ್ಲಿಸದ ಜಗಲಿ. ಕೊರಿಯರ್ ಹುಡುಗ, ಸೊಪ್ಪು ಮಾರುವ ಅಜ್ಜಿ, ಪಕ್ಕದ ಮನೆಯವರು ಎಲ್ಲರೂ ಕೂರುವಂಥದ್ದು. ಇದಕ್ಕೆ ಜಾಸ್ತಿ ಜಾಗವೇನೂ ಬೇಡ. ಎಂಟು ಅಡಿ ಉದ್ದ, ಎರಡೂವರೆ ಅಡಿ ಅಗಲ ಇದ್ದರೆ 20 ಚದರ ಅಡಿ ಆಯಿತು. ಇಷ್ಟು ಅಗಲದಲ್ಲಿ ಚಕ್ಕಳಮಕ್ಕಳ ಹಾಕಿಕೊಂಡೂ ಕೂರಬಹುದು. ಎತ್ತರ ಒಂದೂವರೆ ಅಡಿ ಇದ್ದರೆ ವಯಸ್ಸಾದವರಿಗೆ ಏಳಲು ಸುಲಭ. ಮೇಲೆ ಗ್ರಾನೈಟ್ ಬೇಡ, ಬಿಸಿಲಿಗೆ ಕಾಯುತ್ತದೆ. ರೆಡ್ ಆಕ್ಸೈಡ್ ಎಂಬ ಕೆಂಪು ಪುಡಿ ಬೆರೆಸಿದ ಗಾರೆ ಮಾಡಿಸಿದರೆ ಚೆನ್ನ, ಆದರೆ ಅದನ್ನು ಉಜ್ಜಿ ನುಣುಪು ಮಾಡಲು ಪಳಗಿದ ಗಾರೆ ಮೇಸ್ತ್ರಿಯೇ ಬೇಕು. ಕಟ್ಟುವುದು ನಿಮ್ಮ ಸೈಟಿನ ಒಳಗೇ ಇರಲಿ, ಚರಂಡಿ ಮೇಲೆ ಚಾಚಬೇಡಿ. ರಸ್ತೆ ಅಗಲ ಮಾಡುವಾಗ ಮೊದಲು ಒಡೆಯುವುದು ಅದನ್ನೇ. ಮೇಲೊಂದು ಸೂರು, ಪಕ್ಕದಲ್ಲಿ ಕುಡಿಯುವ ನೀರಿನ ಒಂದು ಹೂಜಿ ಇಟ್ಟರೆ ಆಯಿತು. ಗೇಟಿಗೆ ಹಗಲು ಹೊತ್ತು ಬೀಗ ಹಾಕಬೇಡಿ.