ಇಕಾಮಾ ಕಾರ್ಡಿನ ಬೆನ್ನ ಹಿಂದೆ

ಆಲೂರಿನ ನಮ್ಮ ಪಕ್ಕದ ಮನೆಯ ಹುಡುಗ ರಿಯಾದಿನಲ್ಲಿ ಮನೆ ಡ್ರೈವರ್. ಕಳೆದ ಬಾರಿ ರಜೆಗೆ ಬಂದಾಗ ಎಟಿಎಂ ಕಾರ್ಡಿನಷ್ಟೇ ಇರುವ ತನ್ನ ಇಕಾಮಾವನ್ನು ಪರ್ಸಿನಿಂದ ತೆಗೆದು ಜಗಲಿಯ ಮೇಲಿಟ್ಟ. ಅಲ್ಲಿ ವಾಸಿಸಲು, ದುಡಿಯಲು ಅದೇ ಪರವಾನಗಿ. "ಇದರ ಅವಧಿ ಮುಗಿದರೆ ನಾನು ಕಳ್ಳನಿದ್ದ ಹಾಗೆ. ನವೀಕರಿಸಬೇಕಾದವನು ಮಾತ್ರ ನಾನಲ್ಲ, ಕಫೀಲ್" ಎಂದ. ಹಿಂದಿನ ಕಫೀಲ್ ಐದು ತಿಂಗಳು ನವೀಕರಿಸಿರಲಿಲ್ಲ. ಅಷ್ಟು ದಿನವೂ ಇವನು ಪೊಲೀಸರ ಕಣ್ಣು ತಪ್ಪಿಸಿ ಗಾಡಿ ಓಡಿಸಿದ್ದ. ಊರಿಗೆ ಫೋನ್ ಮಾಡಿದಾಗ ತಾಯಿಗೆ ಒಂದು ಮಾತನ್ನೂ ಹೇಳಿರಲಿಲ್ಲ.

ಕಫೀಲ್ ಎಂದರೆ ಜಾಮೀನು ನಿಂತವನು. ಮುತ್ತು ತೆಗೆಯಲು ಹೊರಗಿನವರನ್ನು ಕರೆತರುತ್ತಿದ್ದ ಕಾಲದಲ್ಲೇ ಕೊಲ್ಲಿಯಲ್ಲಿ ಬಂದವನ ಹೊಣೆಯನ್ನು ಸ್ಥಳೀಯನೊಬ್ಬನ ತಲೆಗೆ ಕಟ್ಟುವ ರೂಢಿ ಬೆಳೆಯಿತು. ಕುವೈತ್ 1959ರಲ್ಲಿ ವಿದೇಶಿಯರ ವಾಸಕ್ಕೆ ಕಾನೂನು ತಂದಿತು. 1973ರಲ್ಲಿ ತೈಲದ ಬೆಲೆ ಏರಿ, ರಸ್ತೆ, ಬಂದರು, ಬಂಗಲೆಗಳಿಗೆ ಲಕ್ಷಗಟ್ಟಲೆ ಕೈಗಳು ಬೇಕಾದಾಗ ಕಫಾಲಾ ಎಂಬ ಈ ಪದ್ಧತಿ ಗಟ್ಟಿಯಾಯಿತು. ಕೆಲಸ ಕೊಟ್ಟವನ ಕೈಗೇ ವಾಸದ ಹಕ್ಕೂ ಸೇರಿತು. ಕೆಲಸ ಬಿಟ್ಟರೆ ದೇಶವನ್ನೂ ಬಿಡಬೇಕಿತ್ತು.

ಮಲೆನಾಡಿನವರಿಗೆ ಈ ಗಂಟು ಅಪರಿಚಿತವಲ್ಲ. ಮುಂಗಡ ಪಡೆದ ಆಳು ಸಾಲ ತೀರುವವರೆಗೆ ಒಡೆಯನನ್ನು ಬಿಡುವಂತಿರಲಿಲ್ಲ. 1976ರ ಕಾಯ್ದೆ ಆ ಜೀತವನ್ನು ರದ್ದು ಮಾಡಿತು. ಅದೇ ಮಣ್ಣಿನ ಮಕ್ಕಳು ಇನ್ನೊಬ್ಬರ ಊರಿನಲ್ಲಿ ಅಂಥದ್ದೇ ಹಗ್ಗಕ್ಕೆ ಕೊರಳು ಕೊಡುವುದನ್ನು ಕಂಡಾಗ ನನ್ನ ಹೊಟ್ಟೆ ಉರಿಯುತ್ತದೆ.

ನಮ್ಮ ಸರ್ಕಾರ 1983ರಲ್ಲಿ ವಲಸೆ ಕಾಯ್ದೆ ತಂದು, ಏಜೆಂಟರ ನೋಂದಣಿಯನ್ನು ಕಡ್ಡಾಯಗೊಳಿಸಿತು. 10ನೇ ತರಗತಿ ಪಾಸಾಗದವರು ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಮೊದಲು ಅನುಮತಿ ಪಡೆಯಬೇಕು. ಪಾಸ್‌ಪೋರ್ಟಿನಲ್ಲಿ ಕಾಣುವ 'ಇಸಿಆರ್' ಎಂಬ ಮೂರಕ್ಷರದ ಅರ್ಥ ಅದೇ. ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿ ಎಂಬ ಮಿತಿಯಿದೆ. ಆದರೂ 'ಫ್ರೀ ವೀಸಾ' ಹೆಸರಿನಲ್ಲಿ ಅದರ ಎಷ್ಟೋ ಪಟ್ಟು ಹಣ ಕೈ ಬದಲಾಗುತ್ತದೆ. ಯಾರ ಬಳಿ ಬೇಕಾದರೂ ದುಡಿಯಬಹುದು ಎಂದು ನಂಬಿಸುತ್ತಾರೆ. ಕಾಗದದಲ್ಲಿರುವ ಕಫೀಲನನ್ನು ಬಿಟ್ಟು ಬೇರೆಡೆ ದುಡಿದರೆ ಅದು ಅಪರಾಧ. ಕೆಲಸಗಾರ 'ಹುರೂಬ್', ಅಂದರೆ ಓಡಿಹೋದ ಎಂದು ಕಫೀಲ್ ದೂರು ಕೊಟ್ಟರೆ ಬಂಧನ, ಗಡೀಪಾರು. ಪಕ್ಕದ ಮನೆಯವರು ಈ ವೀಸಾಕ್ಕಾಗಿ ತಾಯಿಯ ಸರ ಅಡವಿಟ್ಟಿದ್ದರು.

ಬದಲಾವಣೆ ಬಂದದ್ದು ಈಚೆಗೆ. ವಿಶ್ವಕಪ್ ಫುಟ್‌ಬಾಲ್ ನೆಪದಲ್ಲಿ ಜಗತ್ತಿನ ಕಣ್ಣು ತನ್ನ ಮೇಲೆ ಬಿದ್ದಿದ್ದ ಕತಾರ್, 2020ರಲ್ಲಿ ಮಾಲೀಕನ ನಿರಾಕ್ಷೇಪಣಾ ಪತ್ರವಿಲ್ಲದೆ ಕೆಲಸ ಬದಲಿಸಲು ಅವಕಾಶ ಕೊಟ್ಟಿತು. ಸೌದಿ ಅರೇಬಿಯಾ 2021ರ ಮಾರ್ಚ್‌ನಲ್ಲಿ, ಒಂದು ವರ್ಷ ದುಡಿದವರು ಮಾಲೀಕನ ಒಪ್ಪಿಗೆಯಿಲ್ಲದೆ ಬೇರೆಡೆ ಸೇರಬಹುದು, ರಜೆಗೆ ಹೊರಡಲು ತಾವೇ ಅರ್ಜಿ ಹಾಕಬಹುದು ಎಂದಿತು. ಆದರೆ ಆ ಸುಧಾರಣೆಯಿಂದ ಮನೆಗೆಲಸದವರು, ತೋಟದ ಮಾಲಿಗಳು, ಕುರಿ ಕಾಯುವವರು ಹೊರಗುಳಿದರು. ಮನೆ ಡ್ರೈವರುಗಳೂ ಹೊರಗುಳಿದರು.

ಆ ಹುಡುಗ ಮರಳಿ ಹೊರಟ ಸಂಜೆ ತಾಯಿ ಅವನ ಬ್ಯಾಗಿಗೆ ಕಾಫಿಪುಡಿಯ ಎರಡು ಪೊಟ್ಟಣ ತುಂಬಿದರು. ಒಂದು ಅವನಿಗೆ. ಇನ್ನೊಂದು ಕಫೀಲನಿಗೆ.