ಪದವಿ ಬಂತು, ನೋಂದಣಿ ಆಯಿತೇ?

ಪಿಯುಸಿ ಫಲಿತಾಂಶ ಬಂದ ವಾರದಿಂದ ತೀರ್ಥಹಳ್ಳಿ, ಹೊಸನಗರ, ಸೊರಬದ ಕಡೆಯ ಪೋಷಕರು ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಶಿವಮೊಗ್ಗದ ನಮ್ಮ ನರ್ಸಿಂಗ್ ವಿಭಾಗಕ್ಕೆ ಬರತೊಡಗುತ್ತಾರೆ. "ಮೇಡಂ, ಮಗಳು ಆರ್ಟ್ಸ್ ಓದಿದ್ದಾಳೆ, ನರ್ಸಿಂಗ್ ಸಿಗುತ್ತಾ?" ಎಂಬುದು ಅವರ ಮೊದಲ ಪ್ರಶ್ನೆ. ಮೂರು ವರ್ಷದ ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ, ಸಿಗುತ್ತದೆ. ಅದಕ್ಕೆ ಇಂಗ್ಲಿಷ್ ಸಹಿತ ಯಾವುದೇ ವಿಭಾಗದ ಪಿಯುಸಿಯಲ್ಲಿ ಶೇ. 40 ಅಂಕ ಸಾಕು. ನಾಲ್ಕು ವರ್ಷದ ಬಿ.ಎಸ್‌ಸಿ. ನರ್ಸಿಂಗ್‌ಗಾದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಒಟ್ಟು ಶೇ. 45 ಇರಬೇಕು, ಇಂಗ್ಲಿಷ್ ಪಾಸಾಗಿರಬೇಕು, ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಪರಿಶಿಷ್ಟರಿಗೆ ಅಂಕದಲ್ಲಿ ಸಡಿಲಿಕೆಯಿದೆ.

ಕಾಲೇಜಿನ ಕಟ್ಟಡ ನೋಡಿ ಮರುಳಾಗುವವರಿಗೆ ನಾನು ಹೇಳುವುದು, ಮಕ್ಕಳು ಯಾವ ಆಸ್ಪತ್ರೆಯ ವಾರ್ಡಿನಲ್ಲಿ ಕಲಿಯುತ್ತಾರೆಂದು ಮೊದಲು ವಿಚಾರಿಸಿ ಎಂದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಈಗಲೂ ಬೇಸಿಗೆಯ ಹೊತ್ತಿಗೆ ನಮ್ಮ ಮಲೆನಾಡನ್ನು ಕಾಡುತ್ತದೆ. ಅಂಥ ಜ್ವರದ ರೋಗಿಯ ವಸಡಿನಲ್ಲಿ ರಕ್ತ ಜಿನುಗುತ್ತಿದೆಯೇ ಎಂದು ಟಾರ್ಚ್ ಹಿಡಿದು ನೋಡುವ ಅಭ್ಯಾಸ ಪುಸ್ತಕದಿಂದ ಬರುವಂಥದ್ದಲ್ಲ.

ಇಷ್ಟೆಲ್ಲ ಓದಿ ಪಾಸಾದರೂ, ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿಯಾಗುವವರೆಗೆ ವಿದ್ಯಾರ್ಥಿನಿ ಕಾನೂನಿನ ಕಣ್ಣಿನಲ್ಲಿ ನರ್ಸ್ ಅಲ್ಲ. ಸರ್ಕಾರಿ ಹುದ್ದೆಗೆ, ಜಿಎನ್‌ಎಂ ಮುಗಿಸಿದವರು ಮುಂದೆ ಸೇರುವ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ.ಗೆ, ಹೊರದೇಶದ ಪರೀಕ್ಷೆಗಳಿಗೆ, ಎಲ್ಲಕ್ಕೂ ಕೇಳುವುದು ಆ ನೋಂದಣಿ ಸಂಖ್ಯೆಯನ್ನೇ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ನೋಂದಣಿ ಅರ್ಜಿ ನಿಂತದ್ದು ಒಂದು ಇನಿಷಿಯಲ್‌ನಿಂದ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಊರಿನ ಹೆಸರಿನ ಮೊದಲಕ್ಷರ ಅವಳ ಹೆಸರಿನ ಮುಂದಿತ್ತು. ಪದವಿಯ ದಾಖಲೆಯಲ್ಲಿ ಅದು ಇರಲೇ ಇಲ್ಲ. ಅಫಿಡವಿಟ್ ಮಾಡಿಸಿ, ತಿದ್ದುಪಡಿಗೆ ಓಡಾಡಿ ಮುಗಿಸುವಷ್ಟರಲ್ಲಿ ಅವಳು ಕಾದಿದ್ದ ನೇಮಕಾತಿಯ ಕೊನೆಯ ದಿನಾಂಕ ದಾಟಿಹೋಗಿತ್ತು. ತಪ್ಪು ಅವಳದಲ್ಲ; ಸೇರಿದ ದಿನವೇ ಗಮನಿಸಬೇಕಾಗಿದ್ದ ನಮ್ಮದು.

ಆಮೇಲಿನಿಂದ ಪ್ರಥಮ ವರ್ಷದವರ ಮೊದಲ ವಾರದಲ್ಲೇ ಎಸ್‌ಎಸ್‌ಎಲ್‌ಸಿ, ಪಿಯುಸಿ, ಆಧಾರ್ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಡಿಸಿ ಅಕ್ಷರಕ್ಕೆ ಅಕ್ಷರ ಓದಿಸುತ್ತೇನೆ. ಕಳೆದ ಬಾರಿ ಒಬ್ಬಳ ಅಪ್ಪ ಒಂದು ಕಾಗದದಲ್ಲಿ ಮಂಜಪ್ಪ, ಇನ್ನೊಂದರಲ್ಲಿ ಮಂಜುನಾಥ. ತಿದ್ದಿಸಿಕೊಳ್ಳಲು ಅವಳಿಗೆ ಇನ್ನೂ ನಾಲ್ಕು ವರ್ಷವಿತ್ತು.