ಲಿರಿಕ್ ಸೊಪ್ರಾನೊ ಅಂದರೆ ಭಾವಗೀತೆ ಗಾಯಕಿ ಅಲ್ಲ

ದಾವಣಗೆರೆಯ ರಾಮ್ ಅಂಡ್ ಕೋ ಸರ್ಕಲ್ ಹತ್ತಿರ ಗಾಯನ ಸ್ಪರ್ಧೆಯ ಫ್ಲೆಕ್ಸ್ ಕಟ್ಟಿದ್ದರು. 'ಭಾವಗೀತೆ - ಲಿರಿಕ್ ಸೊಪ್ರಾನೊ ವಿಭಾಗ' ಅಂತ ದಪ್ಪಕ್ಷರದಲ್ಲಿ. ಈ ವರ್ಷ ಇದು ಮೂರನೇ ಸಲ. ಮೊದಲ ಎರಡು ಸಲ ನಿರೂಪಕರು ಮೈಕಿನಲ್ಲಿ ಹೇಳಿದ್ದು, ಗಾಳಿಗೆ ಹೋಯಿತು ಬಿಡಿ ಅಂತ ಸುಮ್ನಿದ್ದೆ. ಈಗ ಅಚ್ಚೇ ಆಗಿಬಿಟ್ಟಿದೆ.

ತಪ್ಪಿನ ಬೇರು ಎಲ್ಲಿದೆ ಅಂತ ಗೊತ್ತು. ಲೈರ್ ಅನ್ನೋದು ಗ್ರೀಕರ ತಂತಿವಾದ್ಯ. ಅದನ್ನು ಮೀಟುತ್ತಾ ಹಾಡುವ ಪದ್ಯ ಲಿರಿಕ್ ಆಯಿತು. ನಾವು ಅದಕ್ಕೆ ಭಾವಗೀತೆ ಅಂದೆವು. ಸಿನಿಮಾದವರು ಹಾಡಿನ ಸಾಹಿತ್ಯಕ್ಕೆಲ್ಲ ಲಿರಿಕ್ಸ್ ಅಂದರು. ಇರಲಿ. ಆದರೆ ಅದೇ ಪದ ದನಿಯ ಹೆಸರಿಗೆ ಅಂಟಿಕೊಂಡಾಗ ಸಾಹಿತ್ಯದ ಮಾತೇ ಇಲ್ಲ. ಅಲ್ಲಿ ಅದು ಹೇಳೋದು ದನಿಯ ತೂಕ: ಮೃದುವಾಗಿ, ಬೆಚ್ಚಗೆ, ಎಳೆ ಕಡಿಯದೆ ಹರಿಯುವ ದನಿ.

ಸೊಪ್ರಾನೊದ ಕಥೆ ಚಿಕ್ಕದು. ಇಟಾಲಿಯನ್‌ನಲ್ಲಿ 'ಸೊಪ್ರಾ' ಅಂದರೆ ಮೇಲೆ. ಹೆಣ್ಣುದನಿಗಳಲ್ಲಿ ಎಲ್ಲಕ್ಕಿಂತ ಮೇಲಿನದು.

ಸೊಪ್ರಾನೊದಲ್ಲೇ ಮತ್ತೆ ಲಿರಿಕ್, ಹಗುರಾಗಿ ಚುರುಕಾಗಿ ಓಡುವ ಕೊಲೊರಾಟುರಾ, ಭಾರದ ಡ್ರಮ್ಯಾಟಿಕ್ ಅಂತ ಇಷ್ಟೊಂದು ಬಗೆ ಯಾಕೆ? ನಮ್ಮಲ್ಲಿ ಹಾಡೇ ಹಾಡುವವರ ಶ್ರುತಿಗೆ ಬರುತ್ತದೆ. ಹಾರ್ಮೋನಿಯಂನವರು "ಎಷ್ಟಮ್ಮಾ ನಿಮ್ದು?" ಅಂತ ಕೇಳಿ ಆ ಮನೆ ಹಿಡಿಯುತ್ತಾರೆ. ಒಪೆರಾದಲ್ಲಿ, ಅಂದರೆ ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ನಾಟಕದಲ್ಲಿ, ಸ್ವರ ಬರೆದಿಟ್ಟಾಗಿದೆ, ಮೈಕ್ ಇಲ್ಲ, ಎದುರಿಗೆ ದೊಡ್ಡ ಆರ್ಕೆಸ್ಟ್ರಾ. ದನಿಯೇ ಪಾತ್ರಕ್ಕೆ ಹೊಂದಬೇಕು. ನಮ್ಮೂರ ಕಾಟನ್ ಮಿಲ್ಲುಗಳಲ್ಲಿ ದುಡಿದವರಿಗೆ ಒಂದೇ ಮಾತು ಸಾಕು: ಹತ್ತಿ ಒಂದೇ, ನೂಲಿನ ನಂಬರ್ ಬೇರೆ. 80ರ ಸಣ್ಣ ನೂಲು ಕೊಲೊರಾಟುರಾ, 20ರ ದಪ್ಪ ನೂಲು ಡ್ರಮ್ಯಾಟಿಕ್. ಲಿರಿಕ್ ನಡುವಿನ 40.

ಮೊಜಾರ್ಟ್‌ನ 1791ರ ಒಪೆರಾ 'ಮ್ಯಾಜಿಕ್ ಫ್ಲೂಟ್' ಕೇಳಿ. ತಾಯಿ, ಮಗಳು ಇಬ್ಬರೂ ಸೊಪ್ರಾನೊ. ತಾಯಿ ರಾತ್ರಿಯ ರಾಣಿ, ಸಿಟ್ಟಿನಲ್ಲಿ ಸ್ವರಗಳನ್ನು ಬಿಡಿಬಿಡಿಯಾಗಿ ಚಿಮ್ಮಿಸುತ್ತಾ ಮೇಲೇರುತ್ತಾಳೆ. ಯೂಟ್ಯೂಬ್‌ನಲ್ಲಿ ಜನ ಹಂಚಿಕೊಳ್ಳೋದು ಅದನ್ನೇ. ಅದು ಕೊಲೊರಾಟುರಾ. ಮಗಳು ಪಮೀನಾ, ಪ್ರೀತಿಸಿದವನು ತನ್ನ ಜೊತೆ ಮಾತೇ ಆಡುತ್ತಿಲ್ಲ ಅಂತ ನಿಧಾನಕ್ಕೆ, ಉಸಿರು ಹಿಡಿದು ಹಾಡುತ್ತಾಳೆ. ಅದು ಲಿರಿಕ್. ಅಲ್ಲಿ ದನಿ ಒಂದಿಷ್ಟು ನಡುಗಿದರೂ ಅಡಗಿಸಿಡಲು ಜಾಗವಿಲ್ಲ. ಚಪ್ಪಾಳೆ ತಾಯಿಗೇ ಜಾಸ್ತಿ. ನನ್ನ ಓಟು ಮಗಳಿಗೆ.

ಲಿರಿಕ್ ನಡುವಿನ ದನಿಯಾದ್ದರಿಂದ ಓಡಾಟಕ್ಕೂ ಜಾಗ ಹೆಚ್ಚು. ಇಟಲಿಯ ಗಾಯಕಿ ಮಿರೆಲ್ಲಾ ಫ್ರೆನಿ ಪುಚ್ಚೀನಿಯ ಒಪೆರಾ 'ಲಾ ಬೊಹೆಮ್'ನ ಮಿಮಿ ಪಾತ್ರದಲ್ಲಿ ಹೆಸರು ಮಾಡಿದವರು, ಮುಂದೆ ವರ್ಡಿಯ 'ಐದಾ' ಒಪೆರಾದ ನಾಯಕಿಯಂಥ ಭಾರದ ಪಾತ್ರಕ್ಕೂ ಹೋದರು. ನ್ಯೂಜಿಲೆಂಡಿನ ಕಿರಿ ತೆ ಕನಾವಾ ಮೊಜಾರ್ಟ್‌ಗೆ ಹೆಸರಾದವರು. 1981ರಲ್ಲಿ ಚಾರ್ಲ್ಸ್-ಡಯಾನಾ ಮದುವೆಯಲ್ಲಿ ಹ್ಯಾಂಡೆಲ್‌ನ ರಚನೆ ಹಾಡಿದರು, ತಮ್ಮ ದೇಶದ ಮೂಲನಿವಾಸಿ ಮಾವೊರಿಗಳ ಹಾಡುಗಳನ್ನೂ ರೆಕಾರ್ಡ್ ಮಾಡಿದರು.

ಅಂದ ಹಾಗೆ, ಆ ಸ್ಪರ್ಧೆಗೆ ಹೋಗಿದ್ದೆ. 'ಲಿರಿಕ್ ಸೊಪ್ರಾನೊ' ವಿಭಾಗದ ಮೊದಲ ಬಹುಮಾನ ಬಂದದ್ದು ಗಡಸು ದನಿಯ ಒಬ್ಬ ಹುಡುಗನಿಗೆ. ಚೆನ್ನಾಗಿಯೇ ಹಾಡಿದ.